ಕ್ಯಾತಣ್ಣ ಟವೆಲ್ಲು ಹಾಕಿದ ಸೀಟು

ಖಾಕಿ ಅಂಗಿ ಹಾಕಿಕೋ ಎಂದು ಕ್ಯಾತಣ್ಣನಿಗೆ ಯಾರೂ ಹೇಳಿರಲಿಲ್ಲ. ಬಸ್ಸಿನ ಮಾಲೀಕ ಜಂಬುಲಿಂಗಪ್ಪನವರು ಕಂಡಕ್ಟರು ಲುಂಗಿಯಲ್ಲಿ ಬಂದರೂ ಚಿಂತೆಯಿಲ್ಲ, ಹೊತ್ತಿಗೆ ಸರಿಯಾಗಿ ಬಂದರೆ ಸಾಕು ಎನ್ನುವವರು. ಆದರೂ ಕ್ಯಾತಣ್ಣ ಚಳ್ಳಕೆರೆಯ ದರ್ಜಿಯ ಹತ್ತಿರ ತನ್ನ ಖುಷಿಗೇ ಎರಡು ಖಾಕಿ ಅಂಗಿ ಹೊಲಿಸಿ, ಭುಜಕ್ಕೆ ಪಟ್ಟಿಯನ್ನೂ ಇಡಿಸಿಕೊಂಡಿದ್ದ. ಪಟ್ಟಿಯ ಮೇಲೆ ಒಂದು ನಕ್ಷತ್ರ ಬೇಡವಾ ಎಂದು ದರ್ಜಿ ತಮಾಷೆಗೆ ಕೇಳಿದಾಗ, ಬೇಡ ಎನ್ನುವ ಮೊದಲು ಅವನು ಸ್ವಲ್ಪ ಹೊತ್ತು ಯೋಚಿಸಿದನಂತೆ.

ಪರಶುರಾಂಪುರದಿಂದ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಚಳ್ಳಕೆರೆಗೆ ಹೊರಡುವ ಹಸಿರು ಬಸ್ಸಿನಲ್ಲಿ ಅವನಿಗೆ ಇದು ಇಪ್ಪತ್ತೆರಡನೆಯ ವರ್ಷ. ಡ್ರೈವರ್ ಚಿಕ್ಕಬಸಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಕ್ಯಾತಣ್ಣನೇ ಆಡುತ್ತಿದ್ದ. ಯಾರ ಸೊಸೆ ತವರಿಗೆ ಹೋಗಿ ಇನ್ನೂ ಬಂದಿಲ್ಲ, ಯಾರ ಕುರಿ ಅವಳಿ ಹಾಕಿತು, ಯಾರ ಈರುಳ್ಳಿಗೆ ರೋಗ ಬಿತ್ತು, ಎಲ್ಲವೂ ಅವನಿಗೆ ಗೊತ್ತು. ಬಸ್ಸು ನಿಲ್ಲುವ ಪ್ರತಿ ಗೇಟೂ ತನ್ನ ಆಡಳಿತಕ್ಕೆ ಸೇರಿದ್ದು ಎಂದೇ ಅವನ ನಂಬಿಕೆ.

ಆ ಆಡಳಿತದಲ್ಲಿ ಅವನಿಗೆ ಆಗದಿದ್ದದ್ದು ಒಂದೇ, ಟವೆಲ್ಲು. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಹಳೆಯ ಕಾನೂನು. ಟವೆಲ್ಲು ಬಿದ್ದ ಸೀಟಿನಲ್ಲಿ ಸಾಕ್ಷಾತ್ ತಹಶೀಲ್ದಾರರು ಬಂದರೂ ಕೂರುವಂತಿಲ್ಲ. ಕ್ಯಾತಣ್ಣ ಮಾತ್ರ ಆ ಟವೆಲ್ಲುಗಳನ್ನೆಲ್ಲ ಎತ್ತಿ ತೋಳಿಗೆ ಹಾಕಿಕೊಂಡು, "ನಿನ್ ಟವೆಲ್ಲಿಗೆ ಟಿಕೀಟು ತಗಂಡೀಯೇನಲೇ?" ಎಂದು ಒಬ್ಬೊಬ್ಬರ ಮಾನ ಕಳೆದು ವಾಪಸು ಕೊಡುತ್ತಿದ್ದ.

ಹಳೇಬಾವಿ ಗೇಟಿನಲ್ಲಿ ಬಸ್ಸಿಗೆ ಕಾಯುವವರ ತಲೆಯ ಮೇಲೆ ದೊಡ್ಡದೊಂದು ಫ್ಲೆಕ್ಸು ಕಟ್ಟಿತ್ತು. ಹತ್ತನೇ ಕ್ಲಾಸಿನಲ್ಲಿ ಹೋಬಳಿಗೇ ಮೊದಲು ಬಂದ ದೀಪಿಕಾಳ ಫೋಟೋ, ಕೆಳಗೆ "ನಮ್ಮ ಹೋಬಳಿಯ ಮುಂದಿನ ಡಾಕ್ಟರ್ ಕು. ದೀಪಿಕಾ ಅವರಿಗೆ ಹಾರ್ದಿಕ ಅಭಿನಂದನೆಗಳು." ಅದರ ಕೆಳಗೆ ಶುಭ ಕೋರುವವರ ಸಾಲು. ಬಲಮೂಲೆಯಲ್ಲಿ ಕೂಲಿಂಗ್ ಗ್ಲಾಸು ಹಾಕಿಕೊಂಡು, ಮೊಬೈಲನ್ನು ಕಿವಿಗಿಟ್ಟು, ರಾಜ್ಯದ ಯಾವುದೋ ಗಂಭೀರ ಸಮಸ್ಯೆ ಬಗೆಹರಿಸುತ್ತಿರುವವನಂತೆ ನಿಂತವನು ಕ್ಯಾತಣ್ಣ. ಫ್ಲೆಕ್ಸು ಹಾಕಿಸಲು ಓಡಾಡಿದವನೂ ಅವನೇ, "ಮುಂದಿನ ಡಾಕ್ಟರ್" ಎಂಬ ಒಕ್ಕಣೆ ಬರೆಸಿದವನೂ ಅವನೇ. ಬಸ್ಸು ಅಲ್ಲಿ ನಿಂತಾಗಲೆಲ್ಲ ಅವನು ಮೊದಲು ನೋಡುತ್ತಿದ್ದದ್ದು ಬಲಮೂಲೆಯನ್ನು.

ದೀಪಿಕಾ ಚಳ್ಳಕೆರೆಯಲ್ಲಿ ಪಿಯುಸಿ ಸೈನ್ಸಿಗೆ ಸೇರಿದಳು. ಸರ್ಕಾರಿ ಬಸ್ಸು ಆ ಗೇಟಿಗೆ ಬರುವುದು ಒಂಬತ್ತೂವರೆಗೆ, ಕಾಲೇಜು ಶುರುವಾಗುವುದು ಒಂಬತ್ತಕ್ಕೆ. ಹಾಗಾಗಿ ದಿನವೂ ಹಸಿರು ಬಸ್ಸೇ. ಮೊದಮೊದಲು ಎರಡನೇ ಸೀಟಿನಲ್ಲಿ ಕೂತು ಓದಿಕೊಳ್ಳುತ್ತಿದ್ದಳು. ಸಂತೆಗೆ ಹೋಗುವ ಲಕ್ಷ್ಮಕ್ಕ ಮಗಳ ಮನೆಗೆ ಫೋನು ಮಾಡಬೇಕೆಂದರೆ ನಂಬರು ಒತ್ತಿಕೊಡುತ್ತಿದ್ದಳು. ದಸರೆ ಕಳೆಯುವ ಹೊತ್ತಿಗೆ ಹುಡುಗಿ ಹಿಂದಿನ ಸೀಟಿಗೆ ಸರಿದಳು. ಪುಸ್ತಕ ಚೀಲದಿಂದ ಹೊರಗೆ ಬರುವುದು ನಿಂತಿತು. ತಲೆ ಬಾಚಿದ್ದರೆ ಬಾಚಿದಳು, ಇಲ್ಲದಿದ್ದರೆ ಇಲ್ಲ. ಗೇಟಿನಲ್ಲಿ ಫ್ಲೆಕ್ಸಿನ ಕೆಳಗೆ ನಿಲ್ಲುತ್ತಿದ್ದವಳು ಅದರ ಬೆನ್ನಿಗೆ ನಿಂತು, ಬಸ್ಸು ಬಂದ ಮೇಲೆ ಈಚೆಗೆ ಬರತೊಡಗಿದಳು. ಎರಡು ಸಲ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕ್ಯಾತಣ್ಣ ನೋಡಿದ: ಬೆಳಿಗ್ಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಯಾವ ಕಲ್ಲುಬೆಂಚಿನ ಮೇಲೆ ಕೂತಿದ್ದಳೋ ಅದೇ ಬೆಂಚಿನ ಮೇಲೆ, ಚೀಲವನ್ನು ತಬ್ಬಿಕೊಂಡು, ಹಾಗೇ ಕೂತಿದ್ದಳು.

ಇದನ್ನು ಮನೆಯವರಿಗಿಂತ ಮೊದಲು ಕಂಡವನು ಅವನೇ. ಕ್ಯಾತಣ್ಣನನ್ನು ಎಷ್ಟು ಆಡಿಕೊಂಡರೂ ಈ ಮಾತು ಹೇಳಲೇಬೇಕು. ಕಂಡದ್ದನ್ನು ಅವನು ಏನು ಮಾಡಿದ ಎಂಬುದು ಬೇರೆ ಕಥೆ.

ಪ್ರೇಮಲತಾ ಎಂಬವರು ತಾಲೂಕು ಆಸ್ಪತ್ರೆಯಲ್ಲಿ ಮಕ್ಕಳ, ಹರೆಯದವರ ಆಪ್ತಸಮಾಲೋಚಕಿ. ಗಂಡ ಪರಶುರಾಂಪುರದಲ್ಲಿ ಮೇಷ್ಟ್ರು; ಆಕೆಯೂ ದಿನಾ ಇದೇ ಬಸ್ಸಿಗೆ ಹೋಗುವವರು. ಆ ತಿಂಗಳು ಅವರು ಬಸ್ಸಿನವರನ್ನೂ ಆಟೋದವರನ್ನೂ ಒಂದು ಗಂಟೆ ಕೂರಿಸಿಕೊಂಡು ಮಾತಾಡಿದರು. "ಜ್ವರ ಬಂದ್ರೆ ಮೈ ಮುಟ್ಟಿ ನೋಡ್ತೀವಿ. ಮನಸ್ಸು ಸೋತ್ರೆ ದಿನಾ ನೋಡೋರಿಗಷ್ಟೇ ಗೊತ್ತಾಗೋದು. ನೀವು ದಿನಾ ನೋಡ್ತೀರಿ. ನಗ್ತಿದ್ದ ಮಗು ಮಂಕಾದ್ರೆ, ಊಟ ಬಿಟ್ರೆ, ಕ್ಲಾಸಿಗೆ ಹೋಗ್ದೆ ಎಲ್ಲೋ ಕೂತಿದ್ರೆ ಗಮನಿಸಿ. ಬೇಗ ಗೊತ್ತಾದ್ರೆ ಸಣ್ಣದ್ರಲ್ಲೇ ಸರಿ ಮಾಡ್ಬೋದು."

ಇಷ್ಟು ಹೇಳುವಾಗ ಮೈಕು ಕುಯ್ಯೋ ಎಂದು ಕೂಗಿತು. ಊರಿನ ಯಾವ ಮೈಕು ಕೂಗಿದರೂ ಕ್ಯಾತಣ್ಣ ಎದ್ದೇ ಏಳುತ್ತಿದ್ದ. ಅಂದೂ ಎದ್ದು ಹಿಂದೆ ಹೋಗಿ, ಮೈಕಿನವನನ್ನು ಬದಿಗೆ ಸರಿಸಿ, ಗುಂಡಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿದ. ಹಾಗಾಗಿ "ನಾಲ್ಕು ಜನರ ಮುಂದೆ ಕೇಳ್ಬೇಡಿ, ಬುದ್ಧಿ ಹೇಳ್ಬೇಡಿ, ನನಗೆ ಮೆಲ್ಲಗೆ ತಿಳಿಸಿ" ಎಂಬ ಉಳಿದರ್ಧ ಅವನ ಕಿವಿಗೆ ಬೀಳಲೇ ಇಲ್ಲ. ಕೊನೆಯಲ್ಲಿ ಎಲ್ಲರಿಗೂ "ಮಕ್ಕಳ ಸ್ನೇಹಿ" ಎಂಬ ಬ್ಯಾಡ್ಜು ಕೊಟ್ಟರು. ಅದನ್ನು ಖಾಕಿ ಅಂಗಿಯ ಮೇಲೆ, ದರ್ಜಿ ನಕ್ಷತ್ರದ ಮಾತೆತ್ತಿದ್ದ ಜಾಗಕ್ಕೆ ಹತ್ತಿರದಲ್ಲೇ, ಪಿನ್ನು ಹಾಕಿಕೊಂಡ.

ಮರುದಿನ ಪ್ರೇಮಲತಾ ಚಿತ್ರದುರ್ಗಕ್ಕೆ ನಾಲ್ಕು ದಿನದ ಮೀಟಿಂಗಿಗೆ ಹೋಗಿದ್ದರು. ಬಸ್ಸು ತುಂಬಿತ್ತು. ಕ್ಯಾತಣ್ಣ ಮುಂಬಾಗಿಲಿನ ಹತ್ತಿರ ನಿಂತು, ಹಿಂದಿನ ಸೀಟಿಗೆ ಕೇಳುವ ಹಾಗೆ ಕೂಗಿದ.

"ದೀಪಿಕವ್ವಾ! ನಿನ್ ಮನ್ಸಿಗೆ ಏನಾಗೈತೆ ಹೇಳು, ಅಂಜ್ಬೇಡ! ಈ ಬ್ಯಾಡ್ಜು ನೋಡು!"

ಬಸ್ಸಿಗೆ ಬಸ್ಸೇ ಹಿಂದಕ್ಕೆ ತಿರುಗಿತು.

"ಏನಾಗಿಲ್ಲ ಅಣ್ಣ," ಎಂದಳು ದೀಪಿಕಾ.

"ಹಂಗಂದ್ರೆ ಹೆಂಗೆ? ಮೊನ್ನೆ ಕಾಲೇಜಿಗೆ ಹೋಗ್ದೆ ಸ್ಟ್ಯಾಂಡಾಗೆ ಕುಂತಿದ್ದೆ, ನಾನೇ ನೋಡೀನಿ. ನಾಳೆ ಡಾಕ್ಟ್ರಾಗೋಳು ಹಿಂಗೆ ಕುಂತ್ರೆ ಹೋಬಳಿ ಗತಿಯೇನವ್ವ?"

"ದೃಷ್ಟಿ ಕಣಪ್ಪ," ಎಂದಳು ಲಕ್ಷ್ಮಕ್ಕ. "ಅಷ್ಟಗಲ ಫೋಟ ರಸ್ತೆಗೆ ಕಟ್ಟಿದ್ರೆ ಇನ್ನೇನಾಗ್ತೈತೆ?"

"ದೃಷ್ಟಿಯಲ್ಲ, ಮೊಬೈಲು," ಎಂದ, ದಿನಾ ಟವೆಲ್ಲು ಎಸೆದು ಬೈಸಿಕೊಳ್ಳುವ ಯತ್ತಪ್ಪ, ತನ್ನ ಮೊಬೈಲಿನಲ್ಲಿ ಓಡುತ್ತಿದ್ದ ಕುಸ್ತಿಯಿಂದ ಕಣ್ಣು ಕೀಳದೆ. "ಈಗಿನ ಹುಡುಗ್ರ ಕೈಯಾಗಿಂದ ಕಸ್ಕಬೇಕು."

ಶೇಂಗಾ ಉಂಡೆ ತಿನ್ನಿಸಿದರೆ ಮಿದುಳು ಗಟ್ಟಿಯಾಗುತ್ತದೆ ಎಂದಿತು ಒಂದು ಸೀಟು. ತೋಳಿಗೆ ಅಂತ್ರ ಕಟ್ಟಿಸಿ ಎಂದಿತು ಇನ್ನೊಂದು. ಗಂಡು ನೋಡಿ ಎಂದಿತು ಮತ್ತೊಂದು. ಕ್ಯಾತಣ್ಣ ಮಧ್ಯೆ ನಿಂತು ಅಧ್ಯಕ್ಷನ ಹಾಗೆ ಎಲ್ಲರಿಗೂ ಮಾತಾಡಲು ಅವಕಾಶ ಕೊಡುತ್ತಿದ್ದ.

"ಬಸ್ ನಿಲ್ಸಿ ಅಣ್ಣ."

ದೀಪಿಕಾ ಎದ್ದು ಬಂದಿದ್ದಳು. ಅದು ಸ್ಟಾಪೇ ಅಲ್ಲ. ಎಡಕ್ಕೆ ಜಾಲಿ, ಬಲಕ್ಕೆ ಖಾಲಿ ಹೊಲ. ಚಿಕ್ಕಬಸಪ್ಪ ನಿಲ್ಲಿಸಿದ. ಅವಳು ಇಳಿದು, ಬಸ್ಸು ಹೋಗುವ ದಿಕ್ಕಿಗೆ ಬೆನ್ನು ಹಾಕಿ ನಡೆದಳು.

ಅಂದು ಚಳ್ಳಕೆರೆ ತಲುಪುವವರೆಗೂ ಕ್ಯಾತಣ್ಣ, ಮಕ್ಕಳಿಗೆ ಒಳ್ಳೆಯದು ಹೇಳಿದರೆ ಹೇಗೆ ಸಿಟ್ಟು ಬರುತ್ತದೆ ಎಂಬ ಬಗ್ಗೆ ಭಾಷಣ ಮಾಡಿದ. ಎರಡನೆಯ ದಿನ ಹಳೇಬಾವಿ ಗೇಟಿನಲ್ಲಿ ದೀಪಿಕಾ ಇರಲಿಲ್ಲ. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಅವಳ ಅವ್ವ ವನಜಾಕ್ಷಿ ರಸ್ತೆಯ ನಟ್ಟನಡುವೆ ನಿಂತಿದ್ದಳು. ಬ್ರೇಕು ಹಾಕದೆ ಚಿಕ್ಕಬಸಪ್ಪನಿಗೆ ಬೇರೆ ದಾರಿಯಿರಲಿಲ್ಲ.

"ಇಳಿಯೋ ಕ್ಯಾತಣ್ಣ ಕೆಳಗೆ. ಅದು ಬಾಯೋ, ಬಸ್ಸಿನ ಹಾರನ್ನೋ? ನನ್ ಮಗ್ಳು ಹುಚ್ಚಿ ಅಂತ ಊರೆಲ್ಲ ಸಾರಿದ್ಯಲ್ಲ! ಮೂರು ದಿನ ಆತು, ಕೋಣೆ ಬಿಟ್ಟು ಬಂದಿಲ್ಲ. ಮುದ್ದೆ ಮುರಿದಿಲ್ಲ. ಕಾಲೇಜು ಬಿಡಿಸ್ಬಿಡವ್ವ ಅಂತಾಳೆ. ಏನಾರ ಹೆಚ್ಚುಕಮ್ಮಿ ಆದ್ರೆ ನೀ ಬತ್ತೀಯಾ, ನಿನ್ ಬ್ಯಾಡ್ಜು ಬರ್ತೈತಾ?"

ಕ್ಯಾತಣ್ಣ ಹೆಗಲ ಟವೆಲ್ಲನ್ನು ಬ್ಯಾಡ್ಜಿನ ಮೇಲೆ ಎಳೆದುಕೊಂಡ. ಬಸ್ಸು ಹೊರಟ ಮೇಲೆ ಚಿಕ್ಕಬಸಪ್ಪ ಅಂದಿನ ಹತ್ತು ಮಾತುಗಳಲ್ಲಿ ಒಂದಿಷ್ಟನ್ನು ಖರ್ಚು ಮಾಡಿದ: "ನನಗೆ ಕಾಲಾಗೆ ಬ್ರೇಕ್ ಐತೆ. ನಿನಗೆ ಬಾಯಾಗೆ ಬೇಕಿತ್ತು."

ಸಂಜೆ ಮನೆಯಲ್ಲಿ ಹೆಂಡತಿ ಸೂರಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕ್ಯಾತಣ್ಣ ನಡೆದದ್ದನ್ನೆಲ್ಲ ತನ್ನ ಕಡೆಗೆ ಸ್ವಲ್ಪ ವಾಲಿಸಿಕೊಂಡು ಹೇಳಿದ. ಕೊನೆಗೆ, "ನಮ್ ಕಾಲ್ದಾಗೆ ಯಾವ ಮೇಡಂ ಇದ್ರು? ಹನ್ನೆರಡು ವರ್ಷದ ಹುಡುಗ್ನಿದ್ದಾಗ ನಂಗೂ ಹಿಂಗೇ ಆಗಿತ್ತು. ಅಂತ್ರ ಕಟ್ಟಿದ್ರು, ಸರಿಹೋತು," ಎಂದ.

ಅದು ಅವನು ಹಲವು ಸಲ ಹೇಳಿದ ಕಥೆ. ಮೊಳಕಾಲ್ಮೂರಿನ ಹತ್ತಿರದ ಊರಲ್ಲಿ, ಜೊತೆಗೆ ಈಜಲು ಹೋದ ಗೆಳೆಯ ಬಾವಿಯಲ್ಲಿ ಮುಳುಗಿದ. ಅಂದಿನಿಂದ ಕ್ಯಾತಣ್ಣ ಮಾತು ಬಿಟ್ಟ. ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಅಂತ್ರ ಕಟ್ಟಿಸಿದರು. ಎರಡು ತಿಂಗಳಿಗೆ ಮಾತು ಬಂತು.

"ಅಂತ್ರದಿಂದಲ್ಲ," ಎಂದಳು ಸೂರಮ್ಮ. "ನಿಮ್ ಸೋದರತ್ತೆ ಸಾಯೋ ಮುಂಚೆ ನಂಗೆಲ್ಲ ಹೇಳ್ಯಾಳೆ. ಅಂತ್ರ ಕಟ್ಟಿದ ಮೇಲೂ ನೀವು ಬಾಯ್ಬಿಟ್ಟಿರ್ಲಿಲ್ವಂತೆ. ಆಯಮ್ಮ ಮೊಳಕಾಲ್ಮೂರಿಗೆ ಕರ್ಕಂಡೋಗಿ ಮಗ್ಗದ ಮನೇಲಿ ಕೂರ್ಸಿದ್ಲು."

ಕ್ಯಾತಣ್ಣನಿಗೆ ಆ ಅತ್ತೆಯ ಮನೆ ನೆನಪಾಯಿತು. "ಪಟ್ಟುಕೋ ರಾ," ಹಿಡ್ಕೋ ಎಂದು ತೆಲುಗಿನಲ್ಲಿ ಹೇಳಿ, ರೇಷ್ಮೆ ನೂಲಿನ ಲಡಿಯನ್ನು ಅವನ ಎರಡೂ ಕೈಗೆ ತೊಡಿಸಿ, ಆಕೆ ರಾಟೆಗೆ ಸುತ್ತಿಕೊಳ್ಳುತ್ತಿದ್ದಳು. ಇಡೀ ದಿನ ಹಾಗೇ ಎದುರುಬದುರು. ಬಾವಿಯ ಮಾತು ಒಮ್ಮೆಯೂ ಎತ್ತಲಿಲ್ಲ. ಯಾಕೆ ಮಾತಾಡೋದಿಲ್ಲ ಎಂದೂ ಕೇಳಲಿಲ್ಲ. ತಿಂಗಳ ಮೇಲೆ ಒಂದು ದಿನ, ಯಾರೂ ಕೇಳದೆಯೇ, ಅವನೇ ಶುರು ಮಾಡಿದ್ದ: ಅವನ ಕೈ ನನಗೆ ಸಿಕ್ಕಿತ್ತು ಅತ್ತೆ, ಜಾರಿಬಿಡ್ತು.

"ಆವತ್ತು ತೆಗೆದ ಬಾಯಿ ಇನ್ನೂ ಮುಚ್ಚಿಲ್ಲ ನೋಡ್ರಿ," ಎಂದಳು ಸೂರಮ್ಮ, ಸಿಪ್ಪೆಯನ್ನು ಮೊರಕ್ಕೆ ಹಾಕುತ್ತ.

ಮರುದಿನ ಕ್ಯಾತಣ್ಣ ಪ್ರೇಮಲತಾ ಅವರ ಸೀಟಿನ ಹತ್ತಿರ ಬಂದು, ಬ್ಯಾಡ್ಜು ಬಿಚ್ಚಿ ಅವರ ಕೈಗಿಟ್ಟ. ನಡೆದದ್ದನ್ನು ಈ ಸಲ ಯಾವ ಕಡೆಗೂ ವಾಲಿಸದೆ ಹೇಳಿದ. ಆಕೆ ಬೈಯುತ್ತಾರೆ ಎಂದುಕೊಂಡಿದ್ದ. ಆಕೆ, "ನೋಡಿದ್ದು ಸರಿಯಾಗೇ ನೋಡಿದ್ದೀರಿ," ಎಂದರು. "ಹೇಳೋ ಜಾಗ ತಪ್ಪಿತು. ಅವರವ್ವ ಅವಳನ್ನ ಆಸ್ಪತ್ರೆಗೆ ಕಳಿಸ್ತಾರಾ?"

"ಎಲ್ಲಿ ಮೇಡಂ! ಆಸ್ಪತ್ರೆ ಮೆಟ್ಲು ಹತ್ತಿದ್ರೆ ಊರು ಏನಂತೈತೋ ಅನ್ನೋ ಭಯ." ಅವನು ತಲೆ ಕೆರೆದುಕೊಂಡ. "ಬಸ್ಸಿನ ಮೆಟ್ಲು ಹತ್ತಾಕೆ ಯಾರದೇನು ತಕರಾರು? ನಿಮ್ ಪಕ್ಕದಾಗೆ ಕುಂತ್ಕಂಡು ಬರ್ಲಿ. ಈ ಇಂಜಿನ್ ಸದ್ದಿಗೆ ನಿಮ್ ಮಾತು ಹಿಂದಿನ ಸೀಟಿಗೂ ಕೇಳಲ್ಲ."

"ಶುರುವಿಗೆ ಆದೀತು," ಎಂದರು ಪ್ರೇಮಲತಾ. "ಆದ್ರೆ ನೀವು ಸುಮ್ಮನಿರ್ತೀರಾ?"

ಇಡೀ ಯೋಜನೆಯಲ್ಲಿ ಕಷ್ಟದ ಭಾಗ ಅದೊಂದೇ ಎಂದು ಇಬ್ಬರಿಗೂ ಗೊತ್ತಿತ್ತು.

ಅಂದು ಮಧ್ಯಾಹ್ನ ಅವನು ಸೂರಮ್ಮನನ್ನು ಮುಂದೆ ಬಿಟ್ಟುಕೊಂಡು ವನಜಾಕ್ಷಿಯ ಮನೆಗೆ ಹೋದ. "ತಪ್ಪಾತು ಕಣವ್ವ," ಎಂದ. ಅಷ್ಟಕ್ಕೇ ನಿಲ್ಲಿಸಿದ್ದು ಸೂರಮ್ಮ ಅವನ ಕಾಲು ತುಳಿದದ್ದರಿಂದ. ವನಜಾಕ್ಷಿ ಬಾಗಿಲಿನ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದಳು: "ಮಾತ್ರೆಗೀತ್ರೆ ಕೊಡ್ತಾರಾ? ನಾಳೆ ಗಂಡಿನ ಕಡೇರಿಗೆ ಗೊತ್ತಾದ್ರೆ?"

"ಅವ್ಳು ಉಂಡು, ಉಟ್ಟು, ನಗ್ತಾ ಇದ್ರೆ ತಾನೆ ಗಂಡಿನ ಮಾತು," ಎಂದಳು ಸೂರಮ್ಮ. "ಸೀಟಾಗೆ ಕೂರೋದಷ್ಟೇ. ಬ್ಯಾಡ ಅನ್ಸಿದ್ರೆ ಎದ್ದು ಬರ್ಲಿ. ಆ ಮೇಡಂ ನಂಬರು ತಗ, ನೀನೇ ಒಂದ್ಸಲ ಮಾತಾಡಿ ನೋಡು."

ವನಜಾಕ್ಷಿ ಸಂಜೆಯೇ ಫೋನು ಮಾಡಿ ಪ್ರೇಮಲತಾ ಅವರ ಜೊತೆ ಮಾತಾಡಿದಳಂತೆ. ಏನು ಮಾತಾಯಿತು ಎಂದು ಕ್ಯಾತಣ್ಣನಿಗೆ ಇಬ್ಬರೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪರಶುರಾಂಪುರದ ಬಸ್ ಸ್ಟ್ಯಾಂಡಿನಲ್ಲಿದ್ದವರು ಕಣ್ಣುಜ್ಜಿಕೊಂಡು ನೋಡಿದರು. ಕ್ಯಾತಣ್ಣ ತನ್ನ ಹೆಗಲ ಟವೆಲ್ಲನ್ನು ತೆಗೆದು, ಕೊಡವಿ, ಪ್ರೇಮಲತಾ ಅವರ ಪಕ್ಕದ ಸೀಟಿಗೆ ಹಾಸಿದ.

ಯತ್ತಪ್ಪ ಈ ಗಳಿಗೆಗಾಗಿ ಹತ್ತು ವರ್ಷ ಕಾದಿದ್ದ. "ಏನ್ ಕ್ಯಾತಣ್ಣೋ! ನಿನ್ ಟವೆಲ್ಲಿಗೆ ಟಿಕೀಟು ತಗಂಡೀಯೇನಲೇ?"

ಕ್ಯಾತಣ್ಣ ಅಂಗಿಯ ಜೇಬಿನಿಂದ ಒಂದು ಟಿಕೀಟು ತೆಗೆದು ತೋರಿಸಿದ. ನಿಜವಾಗಿಯೂ ಹರಿದಿಟ್ಟುಕೊಂಡಿದ್ದ. ಬಸ್ಸು ಗೊಳ್ಳೆಂದಿತು.

ಹಳೇಬಾವಿ ಗೇಟಿನಲ್ಲಿ ಫ್ಲೆಕ್ಸಿನ ಹಿಂದಿನಿಂದ ದೀಪಿಕಾ ಬಂದಳು. ಕ್ಯಾತಣ್ಣ ಟವೆಲ್ಲು ಎತ್ತಿಕೊಂಡು ಹಿಂಬಾಗಿಲಿಗೆ ಹೋಗಿ, ಮುಂದಕ್ಕೆ ಬೆನ್ನು ಹಾಕಿ ನಿಂತ. ಚಳ್ಳಕೆರೆಯವರೆಗೆ ಒಂದು ಗಂಟೆ. ಅದು ಎಷ್ಟು ದೊಡ್ಡ ಗಂಟೆಯೆಂದು ಅವನಿಗೆ ಅಂದು ತಿಳಿಯಿತು.

ಮೊದಲ ಮೂರು ದಿನ ಅವರಿಬ್ಬರೂ ಮಾತಾಡಿದ್ದು ಕಾಣಲಿಲ್ಲ. ಪ್ರೇಮಲತಾ ಚೀಲದಿಂದ ಅವರೆಕಾಯಿ ತೆಗೆದು ಸುಲಿಯುತ್ತಿದ್ದರು, ಅಷ್ಟೇ. ಮೇಡಂ ಸಂಬಳ ತೆಗೆದುಕೊಳ್ಳುವುದು ಇದಕ್ಕೇ ಏನು ಎಂದು ಕ್ಯಾತಣ್ಣನಿಗೆ ಒಳಗೊಳಗೇ ಕಸಿವಿಸಿ. ನಾಲ್ಕನೆಯ ದಿನ ದೀಪಿಕಾ ಕೈ ಚಾಚಿ ಒಂದು ಕಾಯಿ ತೆಗೆದುಕೊಂಡಳು. ಅದನ್ನು ನೋಡಿ ಅವನಿಗೆ ರೇಷ್ಮೆ ಲಡಿಯ ನೆನಪಾಗಿ, ಅಂಗೈ ನವೆಯಾದಂತಾಯಿತು. ಎರಡನೆಯ ವಾರದಲ್ಲಿ ಹುಡುಗಿಯ ತುಟಿ ಅಲ್ಲಾಡಿದ್ದು ಕಂಡಿತು. ಒಂದು ದಿನ ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಪ್ರೇಮಲತಾ ಸುಲಿಯುವುದನ್ನು ನಿಲ್ಲಿಸಲಿಲ್ಲ, ಕೈಯನ್ನು ಮಾತ್ರ ಮೆಲ್ಲಗೆ ಮಾಡಿದರು.

ಕ್ಯಾತಣ್ಣನ ಪಾಡು ಯಾರಿಗೂ ಬೇಡ. ಟಿಕೀಟು ಕೇಳುವ ನೆಪದಲ್ಲಿ ಆ ಸೀಟಿನ ಹತ್ತಿರ ಸುಳಿದರೆ ಪ್ರೇಮಲತಾ ತಲೆಯೆತ್ತಿ ನೋಡುತ್ತಿದ್ದರು. ಅವನು ಹಿಂದಕ್ಕೆ ಹೋಗುತ್ತಿದ್ದ. ಡ್ರೈವರನ ಕನ್ನಡಿಯಲ್ಲಿ ಅವರಿಬ್ಬರೂ ಕಾಣುತ್ತಾರೆ ಎಂಬುದು ಹೊಳೆದು, ಚಿಕ್ಕಬಸಪ್ಪನನ್ನು ಕೇಳಿದ.

"ಕನ್ನಡಿಯಾಗೆ ಏನ್ ಕಾಣ್ತೈತಲೇ?"

"ಹಿಂದೆ ಬರೋ ಲಾರಿ," ಎಂದ ಚಿಕ್ಕಬಸಪ್ಪ.

ಲಕ್ಷ್ಮಕ್ಕನೂ ಸುಮ್ಮನೆ ಕೂರುವವಳಲ್ಲ. "ಏನಂತೆ ಹುಡುಗೀದು?" ಎಂದು ಅವನನ್ನೇ ಕೇಳಿದಳು. "ನಂಗೇನ್ ಗೊತ್ತು," ಎಂದ ಕ್ಯಾತಣ್ಣ. ಈ ಮಾತು ಅವನ ಬಾಯಿಂದ ಹೊರಟದ್ದನ್ನು ಲಕ್ಷ್ಮಕ್ಕ ಸಂತೆಯ ತುಂಬ ಹೇಳಿಕೊಂಡು ಬಂದಳು.

ಡಿಸೆಂಬರಿನ ಹೊತ್ತಿಗೆ ದೀಪಿಕಾ ಮಂಗಳವಾರಗಳಂದು ಕಾಲೇಜು ಬಿಟ್ಟ ಮೇಲೆ ತಾನೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಪ್ರೇಮಲತಾ ಅವರ ಕೋಣೆಗೆ ಹೋಗುತ್ತಿದ್ದಳು. ವನಜಾಕ್ಷಿಯೂ ಒಂದು ಸಲ ಸೆರಗು ತಲೆಗೆ ಹೊದ್ದುಕೊಂಡು ಜೊತೆಗೆ ಹೋಗಿದ್ದಳು. ಊಟದ ಡಬ್ಬಿ ಖಾಲಿಯಾಗಿ ಮನೆಗೆ ಬರುತ್ತಿತ್ತು. ಕಲ್ಲುಬೆಂಚಿನ ಮೇಲೆ ಈಗ ಬೇರೆ ಯಾರೋ ಕೂರುತ್ತಿದ್ದರು. ಆದರೆ ಗೇಟಿನಲ್ಲಿ ಮಾತ್ರ ಅವಳು ಇನ್ನೂ ಫ್ಲೆಕ್ಸಿನ ಹಿಂದೆಯೇ ನಿಲ್ಲುತ್ತಿದ್ದಳು.

ಒಂದು ಶನಿವಾರ ಪ್ರೇಮಲತಾ ಇಳಿಯುವಾಗ ಕ್ಯಾತಣ್ಣನನ್ನು ಪಕ್ಕಕ್ಕೆ ಕರೆದರು. ಅಂತೂ ಹೇಳುತ್ತಾರೆ ಎಂದು ಅವನು ಟವೆಲ್ಲು ಸರಿಮಾಡಿಕೊಂಡು ನಿಂತ.

"ಅವಳ ಮಾತು ಅವಳದು, ಅದನ್ನ ಹೇಳಲ್ಲ. ಒಂದನ್ನ ಮಾತ್ರ, ಕಾರಣದ ಜೊತೆಗೆ, ನಿಮಗೆ ಹೇಳಿ ಅಂದಿದ್ದಾಳೆ. ಗೇಟಿನ ಫ್ಲೆಕ್ಸು ತೆಗೀತೀರಾ?"

"ಫ್ಲೆಕ್ಸಾ?" ಕ್ಯಾತಣ್ಣನ ಕಣ್ಣ ಮುಂದೆ ಮೊದಲು ಬಂದದ್ದು ಬಲಮೂಲೆ. "ಅದನ್ನ ಹೆಮ್ಮೆಗೆ ಹಾಕ್ಸಿದ್ದು ಮೇಡಂ."

"ಅವಳಿಗೂ ಗೊತ್ತು. ಅದಕ್ಕೇ ಇಷ್ಟು ದಿನ ತೆಗೀರಿ ಅನ್ನೋಕೆ ಆಗಿಲ್ಲ. ದಿನಾ ಬೆಳಿಗ್ಗೆ 'ಮುಂದಿನ ಡಾಕ್ಟರ್' ಅಂತ ಓದ್ಕೊಂಡು ಬಸ್ಸು ಹತ್ತಬೇಕು. ಕ್ಲಾಸಲ್ಲಿ ನೋಡಿದ್ರೆ ಇಂಗ್ಲಿಷಿನಲ್ಲಿ ಹೇಳೋದು ಅರ್ಧ ಗೊತ್ತಾಗಲ್ಲ. ಯಾರಿಗೆ ಹೇಳ್ತಾಳೆ?"

ಆ ಎರಡು ಪದ ತಾನೇ ಬರೆಸಿದ್ದೆಂದು ಮೇಡಂಗೆ ಗೊತ್ತಿತ್ತೋ ಇಲ್ಲವೋ, ಅವನು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಕುಡುಗೋಲು ಹಿಡಿದು, ಏಣಿ ಹೊತ್ತು ಗೇಟಿಗೆ ಹೋದ. ಸೂರಮ್ಮ ಏಣಿ ಹಿಡಿದಳು. ಒಂದೊಂದೇ ಹಗ್ಗ ಕೊಯ್ದು ಫ್ಲೆಕ್ಸನ್ನು ನೆಲಕ್ಕಿಳಿಸಿದ. ಆಮೇಲೆ ಬಲಮೂಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಕುಡುಗೋಲಿನ ತುದಿಯಿಂದ ಅಲ್ಲೇ ಸುತ್ತ ಗೀರತೊಡಗಿದ.

"ಏನ್ರಿ ಅದು?"

"ಏನಿಲ್ಲ. ಇದೊಂದು ತುಂಡು ಮನೆಯಾಗಿರ್ಲಿ ಅಂತ…"

"ಬಿಡ್ರಿ ಸುಮ್ನೆ! ಮನೆಯಾಗೆ ನೀವಿದ್ದೀರಲ್ಲ, ಸಾಕು."

ಸುರುಳಿ ಸುತ್ತಿ ವನಜಾಕ್ಷಿಯ ಹಿತ್ತಲಿಗೆ ತಂದರು. ಶೇಂಗಾ ಹೊಟ್ಟಿನ ಬಣವೆಗೆ ಹೊದಿಕೆ ಬೇಕಿತ್ತು. ಅಷ್ಟು ಗಟ್ಟಿ ಮಾಲು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕ್ಯಾತಣ್ಣ ಬಿಚ್ಚಿ ಹರಡುತ್ತಿರುವಾಗ ದೀಪಿಕಾ ಹೊರಗೆ ಬಂದಳು. ಎಣ್ಣೆ ಹಚ್ಚಿ ಬಾಚಿದ ತಲೆ. ಅವಳು ಒಂದು ಅಂಚನ್ನು ತಾನೇ ಹಿಡಿದುಕೊಂಡಳು.

"ಫೋಟ ಒಳಗಡೆ ಬರ್ಲಿ ಅಣ್ಣ," ಎಂದಳು ನೆಲ ನೋಡುತ್ತ.

ಇಬ್ಬರೂ ಮಗುಚಿದರು. ಬಿಳಿ ಬೆನ್ನು ಮೇಲಾಯಿತು. ಅವಳು ತನ್ನ ಅಂಚನ್ನು ಎಳೆದು ಬಿಗಿ ಮಾಡಿ, ಕೆಳಗೆ ಇಣುಕಿ ನೋಡಿ, ತಲೆಯೆತ್ತಿ, "ಅಣ್ಣ, ಒಳಗೆ ಮೊದ್ಲೇ ಕತ್ಲು. ನೀವು ಬೇರೆ ಕೂಲಿಂಗ್ ಗ್ಲಾಸ್ ಹಾಕ್ಕಂಡಿದೀರ," ಎಂದಳು. ಆ ದಿನ ಬಸ್ಸು ನಿಲ್ಲಿಸಿ ಎಂದ ಮೇಲೆ ಅವಳು ಅವನ ಮುಖ ನೋಡಿ ಆಡಿದ ಮೊದಲ ಮಾತು ಇದು. ವನಜಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸೂರಮ್ಮ ಮುಚ್ಚಿಕೊಳ್ಳದೆಯೇ ನಕ್ಕಳು.

ಕ್ಯಾತಣ್ಣನ ನಾಲಿಗೆಯ ತುದಿಗೆ ಹತ್ತು ಉತ್ತರಗಳು ಬಂದು ನೂಕಾಡಿದವು. ಅವನು ಬೇಲಿಯ ಹತ್ತಿರ ಹೋಗಿ, ಇದ್ದುದರಲ್ಲೇ ದೊಡ್ಡ ಕಲ್ಲೊಂದನ್ನು ಎತ್ತಿ ತಂದು, ಗಾಳಿಗೆ ಹಾರದಂತೆ ಬಲಮೂಲೆಯ ಮೇಲೆ ಇಟ್ಟ.